ಸಮುದ್ರ ಸೋಸುವ ಜಿನಮತಿ

ನಮ್ಮ ಶಿರಗುಪ್ಪಿಯವರಿಗೆ ಸಮುದ್ರವೆಂದರೆ ಗೋವಾ, ಗೋವಾ ಎಂದರೆ ಮದುವೆಯಾದ ಹೊಸತರಲ್ಲಿ ತೆಗೆಸಿಕೊಂಡ ಒಂದು ಫೋಟೊ. ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು, ತೆರೆ ಬಂದಾಗ ಹೋ ಎಂದು ಕೂಗಿ, ಸಂಜೆಗೆ ಗಾಡಿ ಹತ್ತಿ ಬಂದುಬಿಡುವುದು. ನಾನೂ ಅಷ್ಟೇ ಮಾಡಿದ್ದೇನೆ. ಆದರೆ ಆ ನೀರಿನ ಮೇಲೆ ವಾರಗಟ್ಟಲೆ ಇದ್ದು, ಅದರ ಹೊಟ್ಟೆಯಲ್ಲಿ ಏನಿದೆ ಎಂದು ಬಗ್ಗಿ ನೋಡುವವಳು ನನಗೆ ಗೊತ್ತಿರುವಂತೆ ಈ ಊರಿನಲ್ಲಿ ಒಬ್ಬಳೇ. ಅವಳು ನನ್ನ ನಾದಿನಿ ಜಿನಮತಿ. ನಾದಿನಿಯನ್ನು ಹೊಗಳುವ ಅತ್ತಿಗೆಯರು ಲೋಕದಲ್ಲಿ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ಇದ್ದರೆ ಆ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿರಿ, ನನಗೇನೂ ನಾಚಿಕೆಯಿಲ್ಲ.

ನನ್ನ ಹೆಸರು ಸ್ನೇಹಲ. ತವರು ನಿಪ್ಪಾಣಿ. ಜಿನಮತಿಯ ಅಣ್ಣ ವೃಷಭನನ್ನು ಮದುವೆಯಾಗಿ ಈ ಕಬ್ಬಿನ ಊರಿಗೆ ಬಂದೆ. ಅತ್ತೆ ಮಾವ ಹೊಲದಲ್ಲೇ ಹೆಚ್ಚು ಇರುವವರು. ಮನೆಯ ಆಡಳಿತವೆಲ್ಲ ಅಜ್ಜಿ ಅಕ್ಕುತಾಯಿಯವರದು. ಅವರನ್ನು ಇಲ್ಲಿ ಎಲ್ಲರೂ ಆಯಿ ಎಂದೇ ಕರೆಯುತ್ತಾರೆ. ಆಯಿ ಗಿಡ್ಡ ಹೆಂಗಸು, ಮಾತು ಕಡಿಮೆ, ಕಿವಿ ಚುರುಕು. ಅವರೆದುರು ನನ್ನ ಮಾವನೂ ಚಪ್ಪಲಿಯ ಸದ್ದು ಮಾಡುವುದಿಲ್ಲ.

ಆಯಿಯ ದಿನ ಶುರುವಾಗುವುದು ನೀರಿನಿಂದ. ಜೈನರ ಮನೆಗಳಲ್ಲಿ ನೀರು ಸೋಸಿಯೇ ಕುಡಿಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಸೋಸಿದ ಮೇಲೆ ಇನ್ನೊಂದು ಕೆಲಸವಿದೆ, ಅದನ್ನು ಈಗ ಬಹಳ ಮನೆಗಳು ಮರೆತಿವೆ. ಅರಿವೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಹಾಗೇ ಒಣಗಲು ಬಿಡುವಂತಿಲ್ಲ. ಸೋಸಿದ ನೀರನ್ನೇ ಸ್ವಲ್ಪ ಸುರಿದು, ಅರಿವೆಯನ್ನು ಮಗುಚಿ ತೊಳೆದು, ಆ ನೀರನ್ನು ಅದು ಬಂದ ಜಾಗಕ್ಕೇ ಮುಟ್ಟಿಸಬೇಕು. ಬಾವಿಯದು ಬಾವಿಗೆ, ಹೊಳೆಯದು ಹೊಳೆಗೆ. ಮನೆಗೆ ನಳ ಬಂದಾಗ ಈ ಉಸಾಬರಿ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರಂತೆ. ಆಯಿ ನೀರು ಬಿಡುವವನನ್ನು ಬಾಗಿಲಲ್ಲೇ ನಿಲ್ಲಿಸಿ, ನಳದ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಹೊಳೆಯಿಂದ ಎಂದು ಅವನು ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಅರಿವೆ ತೊಳೆದ ನೀರು ಒಂದು ಹಿತ್ತಾಳೆಯ ತಂಬಿಗೆಯಲ್ಲಿ ಕೂಡುತ್ತದೆ. ನನ್ನ ಗಂಡ ಕಬ್ಬಿನ ಟ್ರ್ಯಾಕ್ಟರ್ ತೆಗೆದುಕೊಂಡು ಉಗಾರದ ಕಾರ್ಖಾನೆಗೆ ಹೊರಟಾಗ ತಂಬಿಗೆಯೂ ಜೊತೆಗೆ ಹೊರಡುತ್ತದೆ. ಹೊಳೆದಂಡೆಯಲ್ಲಿ ಇಳಿದು, ಅದನ್ನು ಕೃಷ್ಣೆಗೆ ಬಿಟ್ಟು, ಮತ್ತೆ ಗಾಡಿ ಹತ್ತಬೇಕು. ಹಿಂದಿನ ಟ್ರ್ಯಾಕ್ಟರಿನವರು ಹಾರ್ನ್ ಹೊಡೆಯುತ್ತಾರೆ.

"ಏನ್ ವೃಷಭಣ್ಣಾ, ಇವತ್ತ ಎಷ್ಟ ಪ್ಯಾಸೆಂಜರ್ ಇಳಿಸಿದಿ?" ಎಂದು ಕಾಲೆಳೆಯುತ್ತಾರೆ.

ಜಿನಮತಿ ಅಕ್ಷರ ಕಲಿಯುವ ಮೊದಲೇ ಅರಿವೆ ಮಗುಚುವುದನ್ನು ಕಲಿತವಳು. ಸಣ್ಣವಳಿದ್ದಾಗ ಒಂದು ದಿನ ಬಾವಿಯ ಕಟ್ಟೆಯ ಮೇಲೆ ಕೂತು, "ಆಯಿ, ಇದರಾಗ ಏನ ಅದಾವ?" ಎಂದು ಕೇಳಿದಳಂತೆ.

"ಜೀವ ಅದಾವ."

"ಹೆಂಗ ಅದಾವ?"

"ನನಗೇನ ಗೊತ್ತ? ನಾ ನೋಡಿಲ್ಲ."

"ನೋಡ್ದ ಇದ್ದಾವನ್ನ ಯಾಕ ಉಳಸ್ತಿ?"

"ನೋಡಿದಾವನ್ನ ಎಲ್ಲಾರೂ ಉಳಸ್ತಾರ. ಹೋಗ, ಸಾಲಿಗೆ ಹೊತ್ತಾತು."

ಆ ಉತ್ತರ ಆಯಿಗೆ ಸಾಕಾಗಿತ್ತು, ಮೊಮ್ಮಗಳಿಗೆ ಸಾಕಾಗಲಿಲ್ಲ. ಹೆಂಗ ಅದಾವ ಎಂಬ ಅದೊಂದೇ ಪ್ರಶ್ನೆ ಹಿಡಿದುಕೊಂಡು ಅವಳು ಅಥಣಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದಳು. ಪ್ರಾಣಿಶಾಸ್ತ್ರ ಎಂದಾಗ ಮನೆಯಲ್ಲಿ ಸಣ್ಣ ಗಲಾಟೆ ಎದ್ದಿತಂತೆ. ಕಪ್ಪೆ ಕೊಯ್ಯುವುದು ಈಗ ಕಾಲೇಜುಗಳಲ್ಲಿ ನಿಂತುಹೋಗಿದೆ ಎಂದು ಮಾಸ್ತರರೇ ಬಂದು ಹೇಳಿದ ಮೇಲೆ ಆಯಿ ಹೂಂ ಎಂದರು. ಅಲ್ಲಿಂದ ಕಾರವಾರಕ್ಕೆ ಹೋಗಿ ಸಮುದ್ರದ ಜೀವಿಗಳ ಮೇಲೆ ಎಂ.ಎಸ್ಸಿ. ಮಾಡಿದಳು, ಆಮೇಲೆ ಗೋವಾದ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಕೃಷ್ಣೆಯದೊಂದು ತಮಾಷೆ ನೋಡಿ. ಪಶ್ಚಿಮ ಸಮುದ್ರದ ಮಗ್ಗುಲಲ್ಲೇ ಹುಟ್ಟಿ, ಅದಕ್ಕೆ ಬೆನ್ನು ಮಾಡಿ, ನಮ್ಮನ್ನೆಲ್ಲ ಹಾದು ಪೂರ್ವದ ಸಮುದ್ರ ಹುಡುಕಿಕೊಂಡು ಹೋಗುತ್ತದೆ. ಜಿನಮತಿ ಹೊಳೆಯ ಬೆನ್ನು ಹತ್ತಲಿಲ್ಲ, ಘಟ್ಟ ಇಳಿದಳು.

ಊರವರು ಕೇಳಿದರೆ ನಾವು, "ನೀರ ಚೆಕ್ ಮಾಡ್ತಾಳ್ರಿ," ಎನ್ನುತ್ತಿದ್ದೆವು. ಅದೇನೂ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ ಎಂಬುದು ನಮಗೆ ಆಗ ಗೊತ್ತಿರಲಿಲ್ಲ.

ಅವಳ ಕೆಲಸ ಇದು. ಸಮುದ್ರದ ನೀರಿನಲ್ಲಿ ತೇಲಿಕೊಂಡು ಬದುಕುವ ಸಣ್ಣ ಸಣ್ಣ ಜೀವಿಗಳಿರುತ್ತವೆ. ಪುಸ್ತಕದಲ್ಲಿ ಅವನ್ನು ಪ್ಲವಕ ಎನ್ನುತ್ತಾರೆ, ಜಿನಮತಿ ಪ್ಲಾಂಕ್ಟನ್ ಎನ್ನುತ್ತಾಳೆ. ಮೀನು ಅವನ್ನು ತಿಂದು ಬದುಕಬೇಕು. ಅವು ಎಲ್ಲಿವೆ, ಎಷ್ಟಿವೆ, ಯಾವ ಜಾತಿ ಹೆಚ್ಚಾಯಿತು, ಯಾವುದು ಕಾಣೆಯಾಯಿತು ಎಂದು ನೋಡಿದರೆ ಸಮುದ್ರದ ಆರೋಗ್ಯ ತಿಳಿಯುತ್ತದೆ. ಅದಕ್ಕಾಗಿ ಹಡಗಿನಿಂದ ಬಲೆ ಇಳಿಸುತ್ತಾರೆ. ಮೀನಿನ ಬಲೆಯಂಥದಲ್ಲ, ಸೀರೆಯ ಬಟ್ಟೆಯಷ್ಟು ನವಿರಾದ, ಕೊಳವೆಯ ಹಾಗೆ ಹೊಲಿದ ಉದ್ದನೆಯ ಬಲೆ. ಅದರ ತುದಿಗೊಂದು ಡಬ್ಬಿ. ಬಲೆ ನೀರನ್ನು ಸೋಸುತ್ತದೆ, ಜೀವಿಗಳು ಡಬ್ಬಿಯಲ್ಲಿ ಕೂಡುತ್ತವೆ. ಡಬ್ಬಿಯದನ್ನು ಗಾಜಿನ ಭರಣಿಗೆ ಸುರಿದು ಫಾರ್ಮಲಿನ್ ಹಾಕುತ್ತಾರೆ. ಆಗ ಅವು ಸಾಯುತ್ತವೆ, ಆದರೆ ಕೆಡದೆ ಉಳಿಯುತ್ತವೆ.

ಮೊದಲ ಸಲ ಹಡಗು ಹತ್ತಿದಾಗ ಅವಳು ವಾಂತಿ ಮಾಡಿ ಮಾಡಿ ಸೋತಿದ್ದಳಂತೆ. ಅದರ ಮೇಲೆ ನಮ್ಮ ಜೈನರ ನೇಮ ಬೇರೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಗೆಡ್ಡೆ ಗೆಣಸಿಲ್ಲ, ಉಳ್ಳಾಗಡ್ಡಿಯಿಲ್ಲ. ಹಡಗಿನ ಅಡುಗೆಯವನು ಮೊದಲು ಗೊಣಗಿದನಂತೆ, ಆಮೇಲೆ ಅವಳಿಗೆಂದೇ ಸಂಜೆ ಬೇಗ ಕಿಚಡಿ ಇಡತೊಡಗಿದ. "ವೈನಿ, ಸಮುದ್ರದ ಮ್ಯಾಲೆ ಸೂರ್ಯಾಗ ಗುಡ್ಡಾನೂ ಅಡ್ಡ ಇಲ್ಲ, ಗಿಡಾನೂ ಅಡ್ಡ ಇಲ್ಲ. ಕಡೀ ಚೂರು ಮುಣಗೂತನಕ ಉಣ್ಣಬಹುದು," ಎಂದು ಫೋನಿನಲ್ಲಿ ನಗುತ್ತಾ ಹೇಳಿದ್ದಳು. ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತಾರೆ.

ನಗಲಾರದ ಸಂಗತಿಯನ್ನು ಬಹಳ ದಿನ ಬಿಟ್ಟು ಹೇಳಿದಳು. ಆ ಹಡಗು ಪ್ರತಿ ತಿಂಗಳೂ ಒಂದೇ ಜಾಗಕ್ಕೆ ಹೋಗಿ ಬಲೆ ಇಳಿಸುತ್ತಿತ್ತು. ಒಂದು ತಿಂಗಳೂ ತಪ್ಪದಂತೆ, ವರ್ಷಗಟ್ಟಲೆ. ಅವಳ ಪಾಲಿಗೆ ಮೊದಲ ಸಲ ಬಲೆ ಮೇಲೆ ಬಂತು. ತಲೆ ತಿರುಗುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಅವಳು ಬಲೆ ತೊಳೆದಳು, ಡಬ್ಬಿ ಬಿಚ್ಚಿದಳು, ಹಡಗಿನ ಅಂಚಿಗೆ ಹೋಗಿ ಡಬ್ಬಿಯನ್ನು ಮಗುಚಿ, ಮೇಲೊಂದು ತಂಬಿಗೆ ಸಮುದ್ರದ ನೀರು ಹಾಕಿ ಚೊಕ್ಕ ಮಾಡಿ ತೊಳೆದಳು. ಎಲ್ಲವೂ ಬಂದ ಜಾಗಕ್ಕೇ ಹೋಯಿತು. ಖಾಲಿ ಡಬ್ಬಿ ಹಿಡಿದು ತಿರುಗಿದ ಮೇಲೆಯೇ ಅವಳಿಗೆ ತಾನು ಮಾಡಿದ್ದೇನೆಂದು ಹೊಳೆದದ್ದು. ಹಡಗು ಆಗಲೇ ಮುಂದಿನ ಜಾಗಕ್ಕೆ ಹೊರಟಿತ್ತು.

ಲೋಕದಲ್ಲಿ ಹಡಗು ಹತ್ತಿದವರು ಎಷ್ಟೋ ತಪ್ಪು ಮಾಡಿರಬಹುದು. ಈ ತಪ್ಪನ್ನು ನಮ್ಮ ಮನೆಯ ಹುಡುಗಿಯಲ್ಲದೆ ಬೇರೆ ಯಾರೂ ಮಾಡಿರಲಾರರು.

ಹಡಗಿನಲ್ಲಿ ಹಿರಿಯ ವಿಜ್ಞಾನಿ ಡಾಕ್ಟರ್ ಪ್ರಾಜಕ್ತಾ ಎಂಬವರು, ರತ್ನಾಗಿರಿಯ ಕಡೆಯವರು. ಭರಣಿ ಎಲ್ಲಿ ಎಂದು ಕೇಳಿದರು. ಕೈಜಾರಿತು ಎನ್ನಬಹುದಿತ್ತು, ಡಬ್ಬಿಯ ಮುಚ್ಚಳ ಸಡಿಲವಿತ್ತು ಎನ್ನಬಹುದಿತ್ತು. ನಾನಾಗಿದ್ದರೆ ಎರಡನ್ನೂ ಎನ್ನುತ್ತಿದ್ದೆ. ಜಿನಮತಿ, "ನಾನೇ ಸಮುದ್ರಕ್ಕೆ ವಾಪಸ್ ಬಿಟ್ಟೆ," ಎಂದಳು. ಯಾಕೆ ಎಂದು ಅವರು ಕಿರುಚಿದರು. ಅವಳು ಆಯಿಯ ಅರಿವೆಯ ಕಥೆಯನ್ನು ಮರಾಠಿಯಲ್ಲಿ, ಅಳುತ್ತಾ, ನಡುನಡುವೆ ವಾಂತಿ ಮಾಡುತ್ತಾ ಹೇಳಿದಳು. ಪ್ರಾಜಕ್ತಾ ಪೂರ್ತಿ ಕೇಳಿ ತಮ್ಮ ಕೋಣೆಗೆ ಹೋದರಂತೆ. ಮರುದಿನ ಬಂದು, "ತಪ್ಪು ದೊಡ್ಡದು. ಆದರೆ ಸುಳ್ಳು ಹೇಳುವ ಕೈಯಿಂದ ಬಂದ ಭರಣಿಗಿಂತ ನಿಜ ಹೇಳುವ ಖಾಲಿ ಭರಣಿ ವಾಸಿ. ಇನ್ನೊಮ್ಮೆ ಬಿಟ್ಟರೆ ನಿನ್ನನ್ನೂ ಅದರ ಹಿಂದೆಯೇ ಬಿಡುತ್ತೇನೆ," ಎಂದರಂತೆ. ಆ ಹೆಂಗಸನ್ನು ನಾನು ಅವತ್ತೇ ಮನಸ್ಸಿನಲ್ಲಿ ಮೆಚ್ಚಿದೆ.

ಮುಂದೆ ನಾನೂ ನನ್ನ ಗಂಡನೂ ಗೋವಾಕ್ಕೆ ಹೋದಾಗ ಜಿನಮತಿ ನಮ್ಮನ್ನು ತನ್ನ ಕೇಂದ್ರದ ಉಗ್ರಾಣಕ್ಕೆ ಕರೆದುಕೊಂಡು ಹೋದಳು. ಉಪ್ಪಿನಕಾಯಿಯ ಅಟ್ಟವೇ ಅದು, ಸಾಲು ಸಾಲು ಭರಣಿ. ವಾಸನೆಗೆ ಕಣ್ಣು ಉರಿಯಿತು. ಒಂದು ಮೂಲೆಯ ಹಳೆಯ ಭರಣಿಗಳನ್ನು ತೋರಿಸಿದಳು. ಅರವತ್ತರ ದಶಕದಲ್ಲಿ ಹಲವು ದೇಶಗಳ ಹಡಗುಗಳು ಕೂಡಿ ಹಿಂದೂ ಮಹಾಸಾಗರವನ್ನು ಮೊದಲ ಸಲ ಉದ್ದಗಲಕ್ಕೆ ಸೋಸಿದಾಗ ತುಂಬಿದ ಭರಣಿಗಳಂತೆ ಅವು. ಆಗಿನವರಿಗೆ ಇಂಥ ಯಂತ್ರಗಳಿರಲಿಲ್ಲ. ಅಕ್ಷಾಂಶವನ್ನು ನಕ್ಷತ್ರ ನೋಡಿ ಹೇಳುತ್ತಿದ್ದರು. ನೀರಿನ ಉಪ್ಪನ್ನು ಸೀಸೆಯಲ್ಲಿ ಔಷಧ ಹನಿ ಹನಿ ಹಾಕಿ ಅಳೆಯುತ್ತಿದ್ದರು. ಈಗ ಹಗ್ಗದ ತುದಿಗೆ ಕಟ್ಟಿ ಇಳಿಸಿದ ಯಂತ್ರವೇ ಆಳದ ಉಪ್ಪು, ಬಿಸಿ, ಆಮ್ಲಜನಕ ಎಲ್ಲವನ್ನೂ ಮೇಲೆ ಕೂತವರ ಪರದೆಗೆ ಕಳಿಸುತ್ತದೆ. ಆದರೆ ಬಲೆ ಮಾತ್ರ ಅಂದಿನಂತೆ ಬಲೆಯೇ ಇದೆ, ತುದಿಯಲ್ಲಿ ಡಬ್ಬಿಯೇ ಇದೆ ಎಂದಳು.

"ಇವು ಸತ್ತ ಅರವತ್ತ ವರ್ಷ ಆತು ವೈನಿ. ಇವತ್ತಿಗೂ ತಗದ ನೋಡಿದ್ರ ಆಗಿನ ಸಮುದ್ರ ಹೆಂಗಿತ್ತಂತ ಹೇಳ್ತಾವ. ಇವು ಇಲ್ಲಂದ್ರ ಏನ ಕಳಕೊಂಡೀವಿ ಅನ್ನೂದ ಯಾರಿಗೂ ಗೊತ್ತಾಗ್ತಿದ್ದಿಲ್ಲ."

ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದಳು. ಜೋಳದ ನುಚ್ಚಿಗಿಂತ ಸಣ್ಣದೊಂದು ಜೀವ ಅಲ್ಲಿ ಉದ್ದ ಮೀಸೆ, ಒಂದೇ ಕೆಂಪು ಕಣ್ಣು, ಬಾಲದಲ್ಲಿ ನವಿರಾದ ಗರಿ ಹೊತ್ತು ನಿಂತಿತ್ತು. ನಾನು ಗಂಡನನ್ನು ತಳ್ಳಿ ಎರಡು ಸಲ ನೋಡಿದೆ. ಇಷ್ಟು ಚೆಂದದ್ದನ್ನು ಸಾಯಿಸುವುದೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವಳ ಜೊತೆಯವರು ಆಮೇಲೆ ನನಗೊಂದು ಮಾತು ಹೇಳಿದರು. ಫಾರ್ಮಲಿನ್ ಹಾಕುವ ಮುನ್ನ ಜಿನಮತಿ ಭರಣಿಯ ಮೇಲೆ ಕೈಯಿಟ್ಟು ಣಮೋಕಾರ ಮಂತ್ರ ಹೇಳುತ್ತಾಳಂತೆ. ಹಡಗು ಎಷ್ಟೇ ಓಲಾಡಲಿ, ಮಳೆಯೇ ಸುರಿಯಲಿ, ಅವಳ ಮಂತ್ರ ಮುಗಿಯುವವರೆಗೆ ಯಾರೂ ಸೀಸೆ ಮುಟ್ಟುವುದಿಲ್ಲ. ಕ್ರಿಶ್ಚಿಯನ್ ಹುಡುಗನೊಬ್ಬ ತಾನೂ ಕಲಿತುಬಿಟ್ಟಿದ್ದಾನೆ ಎಂದು ನಕ್ಕರು. ಬಲೆಯನ್ನು ಬೇಕಾದದ್ದಕ್ಕಿಂತ ಒಂದು ಸಲ ಹೆಚ್ಚು ಇಳಿಸಲೂ ಅವಳು ಬಿಡುವುದಿಲ್ಲವಂತೆ.

ಇದೆಲ್ಲ ಆಯಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು? ಬಾಯಿಗೆ ಬೀಗ ಹಾಕಿಕೊಂಡು ಇದ್ದೆವು. ಹೇಳಿದವಳು ಜಿನಮತಿಯೇ.

ಹೋದ ವರ್ಷ ದಶಲಕ್ಷಣ ಪರ್ವದ ಹತ್ತು ದಿನ ಮುಗಿದು ಕ್ಷಮಾವಾಣಿ ಬಂತು. ಅಂದು ಬಸದಿಯಿಂದ ಬಂದು ಮನೆಮಂದಿಯೆಲ್ಲ ಒಬ್ಬರಿಗೊಬ್ಬರು ಕೈಮುಗಿದು, ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪನ್ನು ಕ್ಷಮಿಸಿರಿ ಎಂದು ಕೇಳುತ್ತೇವೆ. ನಿಜ ಹೇಳಬೇಕೆಂದರೆ ವರ್ಷಾನುವರ್ಷ ಹೇಳಿ ಹೇಳಿ ಅದು ನಮ್ಮ ಬಾಯಲ್ಲಿ ಸವೆದ ಮಾತು. ಜಿನಮತಿ ಆಯಿಯ ಕಾಲು ಮುಟ್ಟಿದವಳು ಏಳಲಿಲ್ಲ.

"ಆಯಿ, ನಾ ನೀರ ಸೋಸಿ ಜೀವಾ ವಾಪಸ್ ಬಿಡೂದಿಲ್ಲ. ಔಷಧ ಹಾಕಿ ಕೊಲ್ತೀನಿ. ಅದ ನನ್ನ ಕೆಲಸಾ. ಇಷ್ಟ ದಿನಾ ಹೇಳಿದ್ದಿಲ್ಲ. ಕ್ಷಮಾ ಮಾಡ."

ನಾನು ಕೈಯಲ್ಲಿದ್ದ ತಾಟನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತೆ. ಆಯಿ ಅವಳ ನೆತ್ತಿಯನ್ನೇ ನೋಡಿದರು.

"ಎಷ್ಟ?" ಎಂದು ಕೇಳಿದರು.

"ಎಣಿಸ್ತೀವಿ ಆಯಿ. ನಿನ್ನ ಮುಂದ ಹೇಳಾಕ ಬಾಯಿ ಬರವಲ್ದು."

ಆಯಿ ಅವಳ ತಲೆಯ ಮೇಲೆ ಕೈಯಿಟ್ಟು, "ಉತ್ತಮ ಕ್ಷಮಾ," ಎಂದರು. ಅಂದು ಬೇರೆ ಮಾತು ಹೇಳುವಂತೆಯೂ ಇಲ್ಲ. ಕ್ಷಮೆ ಕೇಳಿದವರಿಗೆ ಇಲ್ಲ ಎನ್ನಬಾರದ ದಿನ ಅದು. ಜಿನಮತಿ ಮರುದಿನ ನಸುಕಿನಲ್ಲೇ ಗೋವಾದ ಬಸ್ಸು ಹತ್ತಿದಳು.

ಅವಳು ಹೋದ ಮೇಲೆ ನಾನು ಆಯಿಗೆ ಚಹಾ ಒಯ್ದೆ. ಆಯಿಯ ಚಹಾ ಎಂದರೆ ನಮ್ಮ ಓಣಿಗೇ ಗೊತ್ತು, ಸಕ್ಕರೆಯ ಪಾಕದಲ್ಲಿ ಸ್ವಲ್ಪ ಚಹಾ. ಬದುಕಿನಲ್ಲಿ ಅವರು ತಮಗೆಂದು ಇಟ್ಟುಕೊಂಡ ಸುಖ ಅದೊಂದೇ. ಒಂದು ಗುಟುಕು ಬಾಯಿಗೆ ತಾಗಿಸದೆ ಕಪ್ಪನ್ನು ನನ್ನ ಕೈಗೇ ಕೊಟ್ಟರು.

"ಸಪ್ಪನ್ನ ಚಹಾ ತಾ. ಇವತ್ತಿನಿಂದ ಸಕ್ಕರಿ ಬೆಲ್ಲ ಎರಡೂ ಬಿಟ್ಟೇನಿ."

"ಎಷ್ಟ ದಿನಾ ರೀ ಆಯಿ?"

"ಇರೂತನಕ."

ಹಬ್ಬಕ್ಕೆ, ಪರ್ವಕ್ಕೆ ಒಂದೊಂದು ರುಚಿ ಬಿಡುವುದು ನಮ್ಮ ಹಿರಿಯರಲ್ಲಿ ಇರುವುದೇ. ಆದರೆ ಸುತ್ತ ನಾಲ್ಕೂ ಕಡೆ ಕಬ್ಬು, ಗಾಳಿ ಬೀಸಿದರೆ ಕಾರ್ಖಾನೆಯ ಪಾಕದ ವಾಸನೆ, ನಡುವೆ ಇರುವತನಕ ಸಕ್ಕರೆ ಬಿಟ್ಟು ಕೂತ ಮುದುಕಿ! ನನಗೆ ಸಿಟ್ಟೇ ಬಂತು. ಬಾಯಿಂದ ಕ್ಷಮಾ ಎಂದು ಹೊಟ್ಟೆಯಿಂದ ಬರೆ ಎಳೆಯುವುದು ಇದೇನು ನ್ಯಾಯ ಎಂದು ಅನ್ನಿಸಿತು. ನನ್ನ ಗಂಡನೂ ಹಾಗೇ ಎಂದರು.

"ಇದ ಸತ್ಯಾಗ್ರಹ ಐತಿ, ನೋಡ. ಆಕಿ ನೌಕರಿ ಬಿಡೂತನಕ ಇವರು ಸಕ್ಕರಿ ಮುಟ್ಟೂದಿಲ್ಲ."

ದೀಪಾವಳಿಗೆ ಜಿನಮತಿ ಬಂದಳು. ಸಿಹಿ ಕರಂಜಿಯ ತಾಟು ಸುತ್ತು ಹೊಡೆದು ಆಯಿಯ ಮುಂದೆ ಬಂದಾಗ ಅವರು ಅದನ್ನು ಪಕ್ಕಕ್ಕೆ ಸರಿಸಿದರು. ಜಿನಮತಿ ನನ್ನ ಮುಖ ನೋಡಿದಳು. ಅಡುಗೆಮನೆಗೆ ಬಂದು ಕೇಳಿದಾಗ ನಾನು ನಡೆದದ್ದನ್ನೂ ನನ್ನ ಗಂಡ ಅಂದದ್ದನ್ನೂ ಹೇಳಿದೆ. ಅವಳು ಆ ಹಬ್ಬದಲ್ಲಿ ಏನೂ ತಿನ್ನಲಿಲ್ಲ.

ಸಂಕ್ರಮಣದ ಹೊತ್ತಿಗೆ ಅವಳಿಗೊಂದು ದೊಡ್ಡ ಅವಕಾಶ ಬಂತು. ಆ ಹಳೆಯ ಭರಣಿಗಳು ಎಲ್ಲೆಲ್ಲಿ ತುಂಬಿದ್ದವೋ ಅದೇ ಜಾಗಗಳಿಗೆ, ಮಹಾಸಾಗರದ ನಡುವಿಗೆ, ಹಡಗು ಮತ್ತೆ ಹೋಗುವುದಿತ್ತು. ಅಂದು ಬಲೆ ಇಳಿಸಿದಲ್ಲೇ ಇಂದು ಇಳಿಸಿ, ಇಷ್ಟು ವರ್ಷಗಳಲ್ಲಿ ಸಮುದ್ರ ಎಷ್ಟು ಬದಲಾಯಿತು ಎಂದು ಪಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸ. ಬಲೆಯ ಹೊಣೆಯೆಲ್ಲ ಜಿನಮತಿಯದು ಎಂದು ಪ್ರಾಜಕ್ತಾ ಹೆಸರು ಹಾಕಿದ್ದರು. ಹಡಗು ಹತ್ತಿದಂದಿನಿಂದ ಅವಳು ಇದಕ್ಕೇ ಕಾದಿದ್ದಳು ಎಂದು ನನಗೆ ಚೆನ್ನಾಗಿ ಗೊತ್ತು. ಹೂಂ ಎನ್ನಬೇಕಾದ ವಾರದಲ್ಲಿ ಅವಳು ಗೋವಾ ಬಿಟ್ಟು ಶಿರಗುಪ್ಪಿಗೆ ಬಂದಳು.

"ವೈನಿ, ಬ್ಯಾಡ ಅಂತ ಹೇಳ್ತೀನಿ. ನೌಕರೀನೂ ಬಿಡ್ತೀನಿ. ಕಾಗವಾಡದಾಗೋ ಚಿಕ್ಕೋಡ್ಯಾಗೋ ಸಾಲಿ ಮಾಸ್ತರಿಕಿ ಸಿಗತೈತಿ," ಎಂದಳು.

ನಾನು ರೇಗಿದೆ. "ಹುಚ್ಚಿ ಅದೀಯೇನ? ಮುದುಕಿ ಹಟಕ್ಕ ನಿನ್ನ ಜೀವನಾ ಹಾಳ ಮಾಡ್ಕೊತಿ?"

"ಹಡಗಿನಾಗ ನಾ ಇಲ್ಲಂದ್ರ ಇನ್ನೊಬ್ಬರು ಬರ್ತಾರ ವೈನಿ. ನನಗ ಆಯಿ ಒಬ್ಬಾಕೀನ."

ಸಮುದ್ರವನ್ನು ಅಷ್ಟು ಪ್ರೀತಿಸುವ ಹುಡುಗಿ ಅದನ್ನು ಬಿಡುತ್ತೇನೆ ಎಂದು ಇಷ್ಟು ಮೆಲ್ಲಗೆ ಹೇಳಿದಳು.

ಮರುದಿನ ಬೆಳಿಗ್ಗೆ ಆಯಿ ಹಿತ್ತಲಲ್ಲಿ ನೀರು ಸೋಸುತ್ತಿದ್ದರು. ಜಿನಮತಿ ಎದುರಿಗೆ ಕೂತು ಅರಿವೆಯ ಇನ್ನೊಂದು ತುದಿ ಹಿಡಿದಿದ್ದಳು. ನಾನು ಚಹಾದ ಪಾತ್ರೆ ತಂದೆ. ನನ್ನ ಗಂಡ ಕಾರ್ಖಾನೆಗೆ ಹೊರಡಲು ಟ್ರ್ಯಾಕ್ಟರ್ ತೆಗೆದವರು ತಂಬಿಗೆಗಾಗಿ ಕಾಯುತ್ತಾ ಬಾಗಿಲಲ್ಲಿ ನಿಂತಿದ್ದರು.

"ಆಯಿ, ನಾ ಆ ಕೆಲಸಾ ಬಿಡಾಕತ್ತೇನಿ," ಎಂದಳು ಜಿನಮತಿ. "ನೀ ಇನ್ನ ಸಕ್ಕರಿ ಹಾಕ್ಕೊ."

ಆಯಿ ಅರಿವೆಯ ಮೇಲೆ ನೀರು ಸುರಿಯುತ್ತಲೇ ಇದ್ದರು. "ನಿಮ್ಮ ಬಲೆ ಕಣ್ಣ ಎಷ್ಟ ಸಣ್ಣದ ಇರತೈತಿ? ನನ್ನ ಅರವಿಗಿಂತ ಸಣ್ಣದ?" ಎಂದು ಕೇಳಿದರು.

"ಇಲ್ಲ ಆಯಿ. ನಿನ್ನ ಅರವೀದ ಸಣ್ಣದು. ಎರಡ ಮಡಿಕಿ ಹಾಕ್ತೀಯಲ್ಲ."

ಆಯಿಯ ಮುಖ ಅರಳಿತು. "ಅಂದ್ರ ಇದರಾಗಿಂದ ಒಂದೂ ಪಾರಾಗೂದಿಲ್ಲ."

ಅದು ಪ್ರಶ್ನೆಯೂ ಆಗಿರಲಿಲ್ಲ. ಹೌದು ಎಂದು ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ಎಂಬತ್ತು ದಾಟಿದ ಜೀವ, ಜೀವಮಾನವಿಡೀ ಸೋಸಿ ಕುಡಿದದ್ದು. ನಾನು ಜಿನಮತಿಗೆ ಕಣ್ಣು ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಪಾರಾಗತಾವ ಆಯಿ. ಅದಕ್ಕಿಂತ ಸಣ್ಣವು ಭಾಳ ಅದಾವ. ಒಂದ ಗುಟುಕಿನಾಗ ಎಣಿಸಾಕ ಆಗಲಾರದಷ್ಟ."

ಸುಳ್ಳು ಹೇಳಲು ಬಾರದವರ ಮೇಲೆ ನನಗೆ ಯಾವಾಗಲೂ ಮೆಚ್ಚುಗೆ, ಆ ಕ್ಷಣವೊಂದನ್ನು ಬಿಟ್ಟು. ಆಯಿ ಮಾತ್ರ ಸಣ್ಣಗೆ ನಕ್ಕರು.

"ಗೊತ್ತೈತಿ ತಗಿ. ಒಂದ ಹನ್ಯಾಗ ಲೆಕ್ಕ ಇಲ್ಲದಷ್ಟ ಜೀವ ಅದಾವಂತ ಬಸ್ತ್ಯಾಗ ಸಣ್ಣಾಕಿ ಇದ್ದಾಗಿಂದ ಕೇಳೇನಿ. ನೀ ಖರೇ ಹೇಳ್ತಿಯೋ ಇಲ್ಲೋ ಅಂತ ನೋಡಿದೆ. ಉಸರಾಡಿದ್ರ ಸಾಯ್ತಾವ, ಹೆಜ್ಜಿ ಇಟ್ರ ಸಾಯ್ತಾವ. ನಾ ಏನ ಎಲ್ಲಾ ಉಳಸ್ತೀನಿ ಅಂತ ಸೋಸ್ತೀನೇನ? ನನ್ನಿಂದ ಏನ ಸಾಯಾಕತ್ತೈತಿ ಅನ್ನೂದ ದಿನಾ ಒಮ್ಮೆ ನೆನಪಾಗಲಿ ಅಂತ ಸೋಸ್ತೀನಿ." ಅರಿವೆಯನ್ನು ಮಗುಚಿ ತಂಬಿಗೆಗೆ ನೀರು ಇಳಿಸಿದರು. "ಹೇಳ, ಇಷ್ಟ ದಿನಾ ಅವನ್ನ ನೋಡಿದಿ. ಹೆಂಗ ಅದಾವ?"

ಜಿನಮತಿ ಮೊದಲು ತಡವರಿಸಿದಳು, ಆಮೇಲೆ ಹರಿದಳು. ಮೀಸೆ ಹೇಳಿದಳು, ಒಂಟಿ ಕಣ್ಣು ಹೇಳಿದಳು. ಮಳೆಗಾಲ ಮುಗಿಯುವಾಗ ಆಳದಿಂದ ಉಸಿರಿಲ್ಲದ ನೀರು ದಂಡೆಯ ಕಡೆ ಏರಿ ಬರುತ್ತದೆ, ಆಗ ಮೀನು ಓಡುತ್ತವೆ, ದೋಣಿಯವರು ಬರಿಗೈಯಲ್ಲಿ ಬರುತ್ತಾರೆ, ಅದರ ಸುಳಿವನ್ನು ಈ ಸಣ್ಣವೇ ಮೊದಲು ಕೊಡುತ್ತವೆ ಎಂದಳು. ಹಗಲೆಲ್ಲ ಆಳದ ಕತ್ತಲೆಯಲ್ಲಿ ಅಡಗಿದ್ದು, ಸಂಜೆಯಾದರೆ ಮೇಲೆ ಬರುತ್ತವೆ, ಆ ಮೈಗೆ ಅದು ನಮ್ಮೂರಿನಿಂದ ಮುಂಬೈಗೆ ನಡೆದಂತೆ ಎಂದಳು.

"ಸಂಜಿಕ ಮ್ಯಾಲೆ ಯಾಕ ಬರ್ತಾವ?"

"ಊಟಕ್ಕ ಆಯಿ."

"ಹೊತ್ತ ಮುಣಗಿದ ಮ್ಯಾಲೆ ಉಣ್ಣತಾವ?" ಆಯಿ ಹುಬ್ಬೇರಿಸಿದರು. "ಹಂಗಾರ ನಮ್ಮವಲ್ಲ ಬಿಡ."

ಬಾಗಿಲಲ್ಲಿದ್ದ ನನ್ನ ಗಂಡ ಜೋರಾಗಿ ನಕ್ಕರು. ನಾವೆಲ್ಲ ನಕ್ಕೆವು. ನಗು ನಿಂತ ಮೇಲೆ ಆಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಸಕ್ಕರಿ ನಿನ್ನ ಮ್ಯಾಲಿನ ಸಿಟ್ಟಿಗೆ ಬಿಟ್ಟೇನಿ ಅಂತ ಯಾರ ಹೇಳಿದ್ರ ನಿನಗ?"

ನಾನೂ ನನ್ನ ಗಂಡನೂ ನೆಲ ನೋಡಿದೆವು.

"ಅಷ್ಟ ಜೀವಾ ಕೊಲ್ತೀನಿ, ಕ್ಷಮಾ ಮಾಡ ಅಂತ ನನ್ನ ಕಾಲಿಗೆ ಬಿದ್ದಿ. ಕ್ಷಮಾ ಮಾಡಾಕ ನಾ ಯಾರ? ಅವು ಮಾಡಬೇಕು. ನನ್ನ ಕಡೆ ಬಿಡಾಕ ಸಕ್ಕರಿ ಒಂದ ಇತ್ತು, ಬಿಟ್ಟೆ. ನಿನ್ನ ಪಾಪದಾಗ ನಂದೊಂದ ಪಾಲ ಇರ್ಲಿ ಅಂತ."

ನನಗೆ ಸುಮ್ಮನಿರಲು ಆಗಲಿಲ್ಲ. "ಒಬ್ಬರ ಕರ್ಮ ಇನ್ನೊಬ್ಬರು ಹೊರಾಕ ಬರೂದಿಲ್ಲಂತ ನೀವ ಹೇಳ್ತೀರಲ್ಲ ಆಯಿ."

"ಬರೂದಿಲ್ಲ. ನನಗ ಗೊತ್ತಿಲ್ಲೇನ? ಹೊರಾಕ ಬರೂದಿಲ್ಲ. ಆದರ ಹುಡುಗಿ ಒಬ್ಬಾಕೀನ ಅಷ್ಟ ದೂರ ಹೊಂಟಾಳ. ಸಂಗಾತ ನಾಕ ಹೆಜ್ಜಿ ನಡ್ಯಾಕ ಬರತೈತಲ್ಲ." ಅವರು ಜಿನಮತಿಯ ಗದ್ದ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿದರು. "ಈಗ ನೀ ಅರ್ಧಕ್ಕ ಬಿಟ್ಟ ಬಂದ್ರ ಸತ್ತಾವೂ ದಂಡ ಆದೂವು, ನಾ ಬಿಟ್ಟ ಸಕ್ಕರೀನೂ ದಂಡ ಆತು. ಏಳ, ಆ ಹಡಗಿನ ಬಾಯಾರಿಗೆ ಫೋನ್ ಹಚ್ಚ."

ಜಿನಮತಿ ಆಯಿಯ ಮಡಿಲಲ್ಲಿ ತಲೆಯಿಟ್ಟು, ಸಣ್ಣ ಮಕ್ಕಳು ಅಳುವ ಹಾಗೆ ಬಾಯಿ ಬಿಟ್ಟು ಅತ್ತಳು. ನಾನೂ ಅತ್ತೆ. ನನ್ನ ಗಂಡ ತಂಬಿಗೆ ಎತ್ತಿಕೊಂಡು, ಹೊತ್ತಾಯಿತು ಎನ್ನುತ್ತಾ ಮುಖ ತಿರುಗಿಸಿ ಹೊರಗೆ ಹೋದರು. ಅಳು ನಿಂತ ಮೇಲೆ ಅವಳು ಮೂಗು ಒರೆಸಿಕೊಂಡು ಫೋನ್ ಹಚ್ಚಿದಳು. "ಮ್ಯಾಡಮ್, ಬರ್ತೇನೆ," ಎಂದಷ್ಟೇ ಮರಾಠಿಯಲ್ಲಿ ಹೇಳಿದಳು.

ನಾನು ಆಯಿಯ ಕಪ್ಪಿಗೆ ಸಪ್ಪನೆಯ ಚಹಾ ಸುರಿದೆ. ಆಯಿ ಒಂದು ಗುಟುಕು ಕುಡಿದು, ಮುಖ ಕಿವಿಚಿ, "ಏನ ಕೆಟ್ಟ ರುಚಿ ಐತೆವಾ ಇದು," ಎಂದರು. ಆಮೇಲೆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೊನೆಯ ಹನಿಯವರೆಗೂ ಕುಡಿದರು.